ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಶುರುವಾದ ಮೇಲೆ ಟಿ4 ಇಳಿದಿದೆ, ಥೈರಾಯ್ಡ್ ಗುಳಿಗೆ ಏರಿಸಬೇಕಾ?

ಘಟಪ್ರಭಾ ದಂಡೆ (ಮುಧೋಳ)
ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಆರು ವರ್ಷದಿಂದ ಥೈರಾಯ್ಡ್ ಕಡಿಮೆ ಅಂತ ದಿನಾ 100ರ ಗುಳಿಗೆ ತಗೊಳ್ಳುತ್ತೇನೆ. ಈ ಸಲ ಕಬ್ಬು ಕಾರ್ಖಾನೆಗೆ ಸಾಗಿಸಿ ಮುಗಿಸುವ ಹೊತ್ತಿಗೆ ಮೈಯಲ್ಲಿ ಕಸುವೇ ಇರಲಿಲ್ಲ. ಮಧ್ಯಾಹ್ನ ಆದರೆ ಸಾಕು, ಎಲ್ಲಿ ಕೂತರೆ ಅಲ್ಲೇ ನಿದ್ದೆ. ಸಂಸಾರದ ಕಡೆಗೂ ಮನಸ್ಸಿಲ್ಲ, ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಮಾರ್ಚ್‌ನಲ್ಲಿ ರಕ್ತ ತೋರಿಸಿದೆ. ಟೆಸ್ಟೋಸ್ಟಿರಾನ್ 212 ಬಂತು. 300ಕ್ಕಿಂತ ಕೆಳಗಿದೆ ಅಂತ ಮೂರು ವಾರಕ್ಕೊಂದು 250ರ ಇಂಜೆಕ್ಷನ್ ಶುರುವಾಯಿತು. ಇಲ್ಲಿವರೆಗೆ ಐದು ಆಗಿವೆ. ಮೊದಲೆರಡರಲ್ಲಿ ಒಳ್ಳೆ ಉಮೇದಿ ಬಂತು, ಆಮೇಲೆ ಮತ್ತೆ ಅದೇ ಹಾಡು.

ಹೋದ ವಾರ ಥೈರಾಯ್ಡ್ ಚೆಕ್ ಮಾಡಿಸಿದೆ. ಟೋಟಲ್ ಟಿ4, ಅಂದರೆ ರಕ್ತದಲ್ಲಿರುವ ಒಟ್ಟು ಥೈರಾಯ್ಡ್ ಹಾರ್ಮೋನ್, 4.2 ಇದೆ. ಕಾಗದದಲ್ಲಿ 5ರಿಂದ 12 ಇರಬೇಕು ಅಂತಿದೆ. ಟಿಎಸ್‌ಎಚ್ 2.4. ಔಷಧ ಅಂಗಡಿಯವನು ನೋಡಿ "ಭಾಳ ಇಳದೈತ್ರಿ, 125 ತಗೋರಿ, ಏನೂ ಆಗಂಗಿಲ್ಲ" ಅಂತ ಕೊಟ್ಟ. ಐದು ದಿನದಿಂದ ಅದನ್ನೇ ತಗೊಳ್ಳುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಹೊಲದಲ್ಲಿ ಮೋಟರ್ ಹತ್ತಿರ ಬಾಗಿ ಎದ್ದೆ, ಕಣ್ಣಿಗೆ ಕತ್ತಲೆ ಬಂತು. ಪೈಪ್ ಹಿಡಿದುಕೊಂಡು ನಿಂತೆ, ಇಲ್ಲದಿದ್ದರೆ ಬಾವಿಯಲ್ಲೇ. ಈ ಇಂಜೆಕ್ಷನ್ ಥೈರಾಯ್ಡ್ ತಿನ್ನುತ್ತದಾ? 125 ಮುಂದುವರಿಸಲಾ?

ಖಾರಬ್ಯಾಳಿ
ಔಷಧ ಅಂಗಡಿಯವರಿಗೆಲ್ಲ ಒಂದೊಂದು ಸ್ಟೆತಸ್ಕೋಪ್ ಕೊಡಿಸಿಬಿಡೋಣ.

ಇಳಕಲ್ ಸೆರಗು
ಮೊದಲು 100ಕ್ಕೆ ವಾಪಸ್ ಬನ್ನಿ ಅಣ್ಣಾರೆ. ಬಾವಿ ದಂಡೆಗೂ ಒಬ್ಬರೇ ಹೋಗಬೇಡಿ ಸದ್ಯಕ್ಕೆ.

ಲ್ಯಾಬ್ ಮನುಷ್ಯ (ವಿಜಯಪುರ)
ಇಂಜೆಕ್ಷನ್ ಥೈರಾಯ್ಡ್ ತಿನ್ನಿಲ್ಲ. ಲೆಕ್ಕ ಬದಲಾಗಿದೆ, ಅಷ್ಟೇ.

ರಕ್ತದಲ್ಲಿರುವ ಟಿ4 ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ. ಬಿಡಿಯಾಗಿರುವುದು ಬರೀ 0.03 ಪರ್ಸೆಂಟ್ ಆಸುಪಾಸು. ಕೆಲಸ ಮಾಡುವುದು ಆ ಬಿಡಿ ಭಾಗ ಮಾತ್ರ. ಹೊರುವ ಪ್ರೋಟೀನಿಗೆ ಟಿಬಿಜಿ ಅನ್ನುತ್ತಾರೆ. ಸಂತೆ ದಿನ ಹಳ್ಳಿಯಿಂದ ಬಸ್ಸು ಬರುವುದನ್ನು ನೆನೆಸಿಕೊಳ್ಳಿ. ಬಸ್ಸಿನಲ್ಲಿ ಕೂತವರು ಉಳ್ಳಾಗಡ್ಡಿ ಕೊಳ್ಳಲ್ಲ, ಇಳಿದವರೇ ಕೊಳ್ಳಬೇಕು. ಟೆಸ್ಟೋಸ್ಟಿರಾನ್ ಕೊಟ್ಟಾಗ ಲಿವರ್ ಈ ಬಸ್ಸುಗಳನ್ನು ಕಡಿಮೆ ಬಿಡುತ್ತದೆ. ಟೋಟಲ್ ಟಿ4 ಅಂದರೆ ಬಸ್ಸಿನೊಳಗಿನವರು, ಸಂತೆಯಲ್ಲಿರುವವರು ಎಲ್ಲ ಸೇರಿಸಿ ಎಣಿಸಿದ್ದು. ಅದು ಇಳಿಯಲೇಬೇಕು. ಸಂತೆಯೊಳಗಿನ ಜನ ಅಷ್ಟೇ ಇರುತ್ತಾರೆ. ಥೈರಾಯ್ಡ್ ಸಾಲದಾದಾಗ ಮೆದುಳು ಜಾಸ್ತಿ ಕಳಿಸುವ ಹಾರ್ಮೋನ್ ಟಿಎಸ್‌ಎಚ್. ಅದು 2.4 ಇದೆ ಅಂದರೆ ಮೆದುಳಿಗೆ ಕೊರತೆ ಕಂಡಿಲ್ಲ. ನೀವು ಮಾಡಿಸಬೇಕಿದ್ದದ್ದು ಫ್ರೀ ಟಿ4, ಅಂದರೆ ಆ ಬಿಡಿ ಭಾಗದ ಟೆಸ್ಟ್.

ಇನ್ನೊಂದು. ಗುಳಿಗೆ ತಗೊಳ್ಳುವವರಿಗೆ ಟೆಸ್ಟೋಸ್ಟಿರಾನ್ ಜಾತಿಯ ಔಷಧ ಕೊಟ್ಟರೆ ಕೆಲವರಿಗೆ ಥೈರಾಯ್ಡ್ ಡೋಸ್ ಇಳಿಸಬೇಕಾಗುತ್ತದೆ. ಮೊದಲು ಸ್ತನ ಕ್ಯಾನ್ಸರಿಗೆ ಇಂಥ ಔಷಧ ಕೊಡುತ್ತಿದ್ದ ಹೆಂಗಸರಲ್ಲಿ ಇದನ್ನು ಚೆನ್ನಾಗಿ ಗಮನಿಸಿದ್ದರು. ಅಂಗಡಿಯವನು ಉಲ್ಟಾ ಏರಿಸಿದ್ದಾನೆ.

ಇಳಕಲ್ ಸೆರಗು
ಬಸ್ಸಿನ ಮಾತು ನನಗೂ ಈಗ ಅರ್ಥವಾಯಿತು. ನಾನು ಬಸುರಿ ಇದ್ದಾಗ 75 ಇದ್ದದ್ದು 100 ಮಾಡಿದ್ದರು. "ಗರ್ಭದಲ್ಲಿ ಈಸ್ಟ್ರೋಜನ್ ಜಾಸ್ತಿ, ಟಿಬಿಜಿ ಜಾಸ್ತಿ" ಅಂದಿದ್ದರು ಡಾಕ್ಟ್ರು, ಆಗ ತಲೆಗೆ ಹೋಗಿರಲಿಲ್ಲ. ಅಂದರೆ ಬಸ್ಸು ಜಾಸ್ತಿ ಬಿಟ್ಟರು, ಜನ ಎಲ್ಲ ಹತ್ತಿ ಕೂತುಬಿಟ್ಟರು, ಸಂತೆ ಖಾಲಿ. ಸರೀನಾ?

ಲ್ಯಾಬ್ ಮನುಷ್ಯ
ಸರಿ ಅಕ್ಕಾರೆ. ಗರ್ಭನಿರೋಧಕ ಗುಳಿಗೆಯಲ್ಲೂ ಹೀಗೇ ಆಗುತ್ತದೆ. ಥೈರಾಯ್ಡ್ ಚೆನ್ನಾಗಿರುವವರಿಗೆ ಗ್ರಂಥಿಯೇ ಇನ್ನಷ್ಟು ಜನ ಕಳಿಸಿ ಸಂಭಾಳಿಸುತ್ತದೆ. ಗುಳಿಗೆ ಮೇಲಿರುವವರಿಗೆ ಗುಳಿಗೆಯಿಂದಲೇ ಬರಬೇಕು.

ಗೋಳಗುಮ್ಮಟದ ಪ್ರತಿಧ್ವನಿ
ಎಲ್ಲರೂ ಥೈರಾಯ್ಡ್ ಥೈರಾಯ್ಡ್ ಅಂತೀರಿ. ಸುಸ್ತು, ಎದ್ದಾಗ ತಲೆ ತಿರುಗುವುದು, ಮಧ್ಯಾಹ್ನದ ನಿದ್ದೆ. ಇದು ಪಕ್ಕಾ ಅಡ್ರಿನಲ್ ಫಟೀಗ್. ಟೆನ್ಷನ್ ಜಾಸ್ತಿಯಾಗಿ ಅಡ್ರಿನಲ್ ಗ್ರಂಥಿ ದಣಿದಿರುತ್ತದೆ. ನಾನು ಆನ್‌ಲೈನ್‌ನಲ್ಲಿ 4 ಸಾವಿರದ ಪ್ಯಾಕೇಜ್ ತರಿಸಿದೆ. ಅಶ್ವಗಂಧ, ಮತ್ತೆ ಏನೇನೋ ಇವೆ. ತಿಂಗಳಲ್ಲಿ ಆರಾಮ ಆದೆ.

ಡಾ. ಬಯಲುಸೀಮೆ
ಅಡ್ರಿನಲ್ ಫಟೀಗ್ ಅನ್ನುವ ರೋಗವನ್ನು ಹಾರ್ಮೋನ್ ಡಾಕ್ಟರುಗಳು ಯಾರೂ ಒಪ್ಪಿಲ್ಲ. 1998ರಲ್ಲಿ ಅಮೆರಿಕದ ಒಬ್ಬ ಕೈರೋಪ್ರ್ಯಾಕ್ಟರ್ (ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವವ) ಇಟ್ಟ ಹೆಸರು ಅದು. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಡಾಕ್ಟರುಗಳು 58 ಅಧ್ಯಯನ ಕೂಡಿಸಿ ನೋಡಿ, ಹೀಗೊಂದು ಇದೆ ಅನ್ನಲು ಆಧಾರವಿಲ್ಲ ಅಂದರು. ಆದರೆ ಅಡ್ರಿನಲ್ ನಿಜವಾಗಿ ಕೈಕೊಡುವುದು ಬೇರೆ ವಿಷಯ. ಅದು ಇದೆ, ಅದರಲ್ಲಿ ಜೀವವೂ ಹೋಗುತ್ತದೆ. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಬರೆದದ್ದು. ನಮ್ಮ ಕಡೆ ಟಿಬಿಯಿಂದ ಆಗುವುದನ್ನೂ ನೋಡುತ್ತೇವೆ. ಮೈ ಒಣಗುತ್ತದೆ, ಬಿಪಿ ಇಳಿಯುತ್ತದೆ, ವಸಡು, ಅಂಗೈ ಗೆರೆ ಕಪ್ಪಾಗುತ್ತವೆ, ಉಪ್ಪು ತಿನ್ನಬೇಕು ಅನಿಸುತ್ತದೆ.

ಅಶ್ವಗಂಧದಿಂದ ಕೆಲವರಿಗೆ ಥೈರಾಯ್ಡ್ ಜಾಸ್ತಿಯಾದ ಉದಾಹರಣೆ ಇವೆ. ಗುಳಿಗೆ ಮೇಲಿರುವವರು ಸುಮ್ನೆ ತಗೊಳ್ಳಬೇಡಿ.

ಮುಧೋಳದವರೇ, ನಾಲ್ಕು ಪ್ರಶ್ನೆ. ಮಾರ್ಚ್‌ನಲ್ಲಿ ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ? ಅದೇ ಕಾಗದದಲ್ಲಿ ಟಿಎಸ್‌ಎಚ್ ಇತ್ತಾ, ಎಷ್ಟಿತ್ತು? ಥೈರಾಯ್ಡ್ ಗುಳಿಗೆ ಯಾವಾಗ, ಹೇಗೆ ತಗೊಳ್ಳುತ್ತೀರಿ? ಬೇರೆ ಏನೇನು ಔಷಧ, ಪುಡಿ, ಇಂಜೆಕ್ಷನ್ ಇದೆ? ಎಲ್ಲವನ್ನೂ ಹೇಳಿ.

ಗೋಳಗುಮ್ಮಟದ ಪ್ರತಿಧ್ವನಿ
ಅಂದರೆ ನಾನು ಆರಾಮ ಆದದ್ದು ಸುಳ್ಳಾ?

ಖಾರಬ್ಯಾಳಿ
ಸುಳ್ಳಲ್ಲ ಬಿಡಿ ಕಾಕಾ. 4 ಸಾವಿರ ಹೋದ ಮೇಲೆ ಆರಾಮ ಆಗಲೇಬೇಕು.

ಗರಡಿ ಗೆಳೆಯ (ಬೆಳಗಾವಿ)
ಇಂಜೆಕ್ಷನ್ ಬಗ್ಗೆ ನನ್ನದೊಂದು ಮಾತು. ನಮ್ಮ ತಾಲೀಮಿಗೆ ಬರುವ ಹುಡುಗರು, ಜಿಮ್ ಹುಡುಗರು ಇದನ್ನೇ ಡಾಕ್ಟರ್ ಚೀಟಿ ಇಲ್ಲದೆ ಹೊಡೆಸುತ್ತಾರೆ. ಒಬ್ಬನಿಗೆ 26. ಮದುವೆಯಾಗಿ ಎರಡು ವರ್ಷ ಮಕ್ಕಳಿಲ್ಲ ಅಂತ ತೋರಿಸಿದರೆ ವೀರ್ಯಾಣು ಸೊನ್ನೆ. ಅವನ ಅವ್ವ ಹರಕೆ ಹೊತ್ತದ್ದು ಸೊಸೆಗೆ, ಸೂಜಿ ಚುಚ್ಚಿಸಿಕೊಂಡದ್ದು ಮಗ. ಹೊರಗಿಂದ ಟೆಸ್ಟೋಸ್ಟಿರಾನ್ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸಿಬಿಡುತ್ತದೆ. ಬಿಟ್ಟ ಮೇಲೆ ವಾಪಸ್ ಬರಲು ತಿಂಗಳುಗಟ್ಟಲೆ ಬೇಕು.

ಹಾಗಂತ ಇಂಜೆಕ್ಷನ್ನೇ ವಿಷ ಅನ್ನುವವರ ಜೊತೆಗೂ ನಾನಿಲ್ಲ. ನಿಜವಾಗಿ ಕೊರತೆ ಇರುವ 5 ಸಾವಿರಕ್ಕೂ ಜಾಸ್ತಿ ಗಂಡಸರಿಗೆ ಜೆಲ್ ಹಚ್ಚಿ ನೋಡಿದ ದೊಡ್ಡ ಟ್ರಯಲ್ 2023ರಲ್ಲಿ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಏರಲಿಲ್ಲ. ಆದರೆ ಎದೆ ಬಡಿತ ಏರುಪೇರಾಗುವುದು, ಪುಪ್ಪುಸದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ದಿಢೀರ್ ಪೆಟ್ಟಾಗುವುದು ಸ್ವಲ್ಪ ಜಾಸ್ತಿ ಕಂಡಿತು. ಅಣ್ಣಾ, ನಿಮ್ಮ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ಪರ್ಸೆಂಟ್‌ನಲ್ಲಿ) ಎಷ್ಟಿದೆ ನೋಡಿ. 54 ದಾಟಿದರೆ ಇಂಜೆಕ್ಷನ್ ನಿಲ್ಲಿಸುತ್ತಾರೆ, ರಕ್ತ ಮಂದವಾಗಿರುತ್ತದೆ.

ಘಟಪ್ರಭಾ ದಂಡೆ
ಎಲ್ಲರಿಗೂ ಧನ್ಯವಾದ. ನಿನ್ನೆಯಿಂದ 100ಕ್ಕೆ ವಾಪಸ್ ಬಂದಿದ್ದೇನೆ. ಡಾಕ್ಟ್ರೇ, ಉತ್ತರ ಇಲ್ಲಿವೆ.

ಮಾರ್ಚ್‌ನಲ್ಲಿ ರಕ್ತ ಕೊಟ್ಟದ್ದು ಸಂಜೆ 5ಕ್ಕೆ. ಪೇಟೆಗೆ ಬೇರೆ ಕೆಲಸಕ್ಕೆ ಹೋಗಿದ್ದೆ, ಖಾನಾವಳಿಯಲ್ಲಿ ಉಂಡು ಹಾಗೇ ಕೊಟ್ಟು ಬಂದೆ. ಕಾಗದ ಹುಡುಕಿ ತೆಗೆದೆ. ಟಿಎಸ್‌ಎಚ್ 11.3 ಅಂತಿದೆ, ನಾನೂ ನೋಡಿರಲಿಲ್ಲ, ಯಾರೂ ಹೇಳಿರಲಿಲ್ಲ. ಗುಳಿಗೆ ಬೆಳಿಗ್ಗೆ ಚಹಾದ ಜೊತೆಗೆ. ಚಹಾಪುಡಿ ಡಬ್ಬಿ ಪಕ್ಕದಲ್ಲೇ ಪಟ್ಟಿ ಇಟ್ಟಿರುತ್ತಾಳೆ ಮನೆಯವಳು, ಮರೆಯಬಾರದು ಅಂತ. ಬೇರೆ ಔಷಧ ಅಂದರೆ ಕೂದಲು ಉದುರುತ್ತಿದೆ ಅಂತ ಎರಡು ತಿಂಗಳಿಂದ ಬಯೋಟಿನ್ 10 ಮಿಲಿಗ್ರಾಂ. ಮತ್ತೆ ಮೊಣಕಾಲಿಗೆ ಒಂದು ಇಂಜೆಕ್ಷನ್. ಗಂಟಿನೊಳಗೇ ಕೊಡುತ್ತಾರೆ. ಜನವರಿಯಿಂದ ನಾಲ್ಕು ಆಗಿವೆ. ಕೊನೆಯದು ಮೂರು ವಾರದ ಹಿಂದೆ. ಅದೇನು ಔಷಧ ಅಂತ ಗೊತ್ತಿಲ್ಲ, ಬಿಳಿ ಹಾಲಿನಂತೆ ಇರುತ್ತದೆ. ಅದು ಕೊಟ್ಟ ವಾರ ಮಾತ್ರ ಹುಲಿಯಂತೆ ಇರುತ್ತೇನೆ.

ಲ್ಯಾಬ್ ಮನುಷ್ಯ
ಅಯ್ಯೋ, ಬಯೋಟಿನ್! ನಾನು ಮೇಲೆ ಟಿಎಸ್‌ಎಚ್ 2.4 ನೋಡಿ ಧೈರ್ಯ ಹೇಳಿದ್ದು ವಾಪಸ್. ಬಹಳ ಮಷಿನ್‌ಗಳು ಬಯೋಟಿನ್ ಅಂಟನ್ನೇ ಬಳಸಿ ಟೆಸ್ಟ್ ಮಾಡುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ ಬರಬಹುದು, ಟಿ4, ಟೆಸ್ಟೋಸ್ಟಿರಾನ್ ಸುಳ್ಳೇ ಜಾಸ್ತಿ ಬರಬಹುದು. ನಾವು ಕೌಂಟರಿನಲ್ಲಿ "ಏನಾದರೂ ಗುಳಿಗೆ ತಗೊಂಡೀರಾ" ಅಂತ ಕೇಳಿದರೆ ಜನ ಬಿಪಿ, ಶುಗರ್ ಹೇಳುತ್ತಾರೆ. ಕೂದಲಿನ ಗುಳಿಗೆ ಯಾರಿಗೂ ಔಷಧವೇ ಅಲ್ಲ! ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಡಿ.

ಡಾ. ಬಯಲುಸೀಮೆ
ನನಗೆ ಬಯೋಟಿನ್‌ಗಿಂತ ಆ ಹಾಲಿನಂಥ ಇಂಜೆಕ್ಷನ್ ಚಿಂತೆ. ಗಂಟಿಗೆ ಕೊಡುವ ಬಿಳಿ ಔಷಧ ಬಹುತೇಕ ಸ್ಟಿರಾಯ್ಡ್. ಇದು ಜಿಮ್‌ನವರ ಸ್ಟಿರಾಯ್ಡ್ ಅಲ್ಲ, ಅಡ್ರಿನಲ್ ಗ್ರಂಥಿ ಮಾಡುವ ಕಾರ್ಟಿಸಾಲ್ ಹಾರ್ಮೋನಿನ ಜಾತಿಯದು. ಮೊಣಕಾಲಿಗೆ ಕೊಟ್ಟರೂ ರಕ್ತಕ್ಕೆ ಸೋರುತ್ತದೆ. ಆಗ ಮೆದುಳು "ಕಾರ್ಟಿಸಾಲ್ ಸಾಕಷ್ಟಿದೆ" ಅಂತ ಅಡ್ರಿನಲ್‌ಗೆ ಹೇಳಿಕಳಿಸುವುದನ್ನು ನಿಲ್ಲಿಸುತ್ತದೆ. ವಾರಗಟ್ಟಲೆ ಹಾಗೇ ಇರಬಹುದು. ಕೊಟ್ಟ ವಾರ ಹುಲಿ, ಆಮೇಲೆ ಕಣ್ಣಿಗೆ ಕತ್ತಲೆ. ನಿಮ್ಮ ಕಥೆ ಹಾಗೇ ಕೇಳಿಸುತ್ತಿದೆ.

ಈಗ ಮಾರ್ಚ್‌ನ 212ಕ್ಕೆ ಬನ್ನಿ. ಟೆಸ್ಟೋಸ್ಟಿರಾನ್ ಬೆಳಿಗ್ಗೆ ಮೇಲಿರುತ್ತದೆ, ಸಂಜೆಗೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಬರಿಹೊಟ್ಟೆಯಲ್ಲಿ, ಬೆಳಿಗ್ಗೆ, ಬೇರೆ ಬೇರೆ ಎರಡು ದಿನ ನೋಡಿಯೇ ಕೊರತೆ ಅನ್ನಬೇಕು. ಎರಡನೆಯದು, ಟಿಎಸ್‌ಎಚ್ 11 ಇದ್ದಿರಿ. ಥೈರಾಯ್ಡ್ ಕಡಿಮೆಯಾದರೆ ಟೆಸ್ಟೋಸ್ಟಿರಾನ್ ಹೊರುವ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಇಳಿಯುತ್ತದೆ, ಟೋಟಲ್ ಅಂಕಿಯೂ ಇಳಿಯುತ್ತದೆ. ಲ್ಯಾಬ್‌ನವರ ಬಸ್ಸೇ ಇದು, ರೂಟ್ ಬೇರೆ. ಕೆಲವರಿಗೆ ಪ್ರೊಲ್ಯಾಕ್ಟಿನ್ ಅನ್ನುವ ಇನ್ನೊಂದು ಹಾರ್ಮೋನ್ ಏರಿ ಅದು ಇನ್ನಷ್ಟು ಅದುಮುತ್ತದೆ. ಮೂರನೆಯದು, ಈ ಕಾರ್ಟಿಸಾಲ್ ಜಾತಿಯ ಸ್ಟಿರಾಯ್ಡ್ ತಾನೇ ಟೆಸ್ಟೋಸ್ಟಿರಾನ್ ಇಳಿಸುತ್ತದೆ. ಅಂದರೆ ಆ 212 ನಿಮ್ಮ ನಿಜವಾದ ಅಂಕಿ ಹೌದೋ ಅಲ್ಲವೋ ಯಾರಿಗೂ ಹೇಳಲಾಗದು.

ನಾಳೆಯೇ ಡಾಕ್ಟರ್ ಹತ್ತಿರ ಹೋಗಿ ಬೆಳಿಗ್ಗೆ 8ರ ಕಾರ್ಟಿಸಾಲ್ ಮಾಡಿಸಿ. ವಾಂತಿ, ಹೊಟ್ಟೆನೋವು, ಎಚ್ಚರ ತಪ್ಪುವಂತಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಸ್ಟಿರಾಯ್ಡ್ ಇಂಜೆಕ್ಷನ್ ವಿಷಯ ಮೊದಲು ಹೇಳಿ. ಅಲ್ಲಿಯವರೆಗೆ ಥೈರಾಯ್ಡ್ ಗುಳಿಗೆ ಏರಿಸಲೇಬಾರದು. ಥೈರಾಯ್ಡ್ ಹಾರ್ಮೋನ್ ಏರಿದರೆ ಮೈ ಕಾರ್ಟಿಸಾಲನ್ನು ಬೇಗ ಖರ್ಚು ಮಾಡುತ್ತದೆ. ಮೊದಲೇ ಕಡಿಮೆ ಇದ್ದವನಿಗೆ ಅದು ದಿಢೀರ್ ಬೀಳಿಸಬಹುದು.

ಗೋಳಗುಮ್ಮಟದ ಪ್ರತಿಧ್ವನಿ
ನೋಡಿದಿರಾ? ಅಡ್ರಿನಲ್ ಅಂತ ಮೊದಲು ಹೇಳಿದ್ದು ನಾನೇ.

ಗರಡಿ ಗೆಳೆಯ
ಕಾಕಾ, ನೀವು ಹೇಳಿದ್ದು ಪ್ಯಾಕೇಜ್. ಅವರು ಹೇಳಿದ್ದು ಟೆಸ್ಟ್.

ಲ್ಯಾಬ್ ಮನುಷ್ಯ
ಒಂದು ತಕರಾರು ಡಾಕ್ಟ್ರೇ. ಐದು ದಿನ 25 ಮೈಕ್ರೋಗ್ರಾಂ ಜಾಸ್ತಿ ತಗೊಂಡದ್ದಕ್ಕೇ ತಲೆ ತಿರುಗಿತು ಅನ್ನಲಾಗದು ಅಲ್ವಾ? ಟಿ4 ಮೈಯಲ್ಲಿ ಅರ್ಧ ಆಗಲು ಏಳು ದಿನ ಬೇಕು, ಏರಲೂ ಅಷ್ಟೇ ನಿಧಾನ.

ಡಾ. ಬಯಲುಸೀಮೆ
ಒಪ್ಪುತ್ತೇನೆ. ಅದರಿಂದಲೇ ಅಂತ ನಾನೂ ಹೇಳುತ್ತಿಲ್ಲ. ತಿಂಗಳುಗಟ್ಟಲೆ ತಗೊಂಡಿದ್ದರೆ ಅನ್ನುವ ಭಯ ನನ್ನದು.

ಶಹಾಪುರದ ಅಕ್ಕ (ಬೆಳಗಾವಿ)
ಎರಡು ದಿನದಿಂದ ಓದುತ್ತಿದ್ದೆ, ಇವತ್ತು ಬರೆಯದೆ ಇರಲಾಗಲಿಲ್ಲ. ನಮ್ಮ ಮನೆಯವರಿಗೆ ಪಿಟ್ಯೂಟರಿ (ಮೆದುಳಿನ ಕೆಳಗಿರುವ ಸಣ್ಣ ಗ್ರಂಥಿ) ಗಡ್ಡೆ ತೆಗೆದು ಒಂಬತ್ತು ವರ್ಷ. ಮೂರೂ ಹಾರ್ಮೋನ್ ಹೊರಗಿಂದಲೇ. ಆಪರೇಷನ್ ಆದ ಮೇಲೆ ಡಾಕ್ಟ್ರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಮೊದಲು ಹೈಡ್ರೋಕಾರ್ಟಿಸೋನ್ (ಕಾರ್ಟಿಸಾಲ್ ಬದಲಿಗೆ ಕೊಡುವ ಗುಳಿಗೆ), ಅದು ಹೊಂದಿದ ಮೇಲೆ ಥೈರಾಯ್ಡ್, ಕೊನೆಗೆ ಟೆಸ್ಟೋಸ್ಟಿರಾನ್. ಆ ಚೀಟಿ ಇನ್ನೂ ದೇವರ ಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿದೆ. ಕುಂಕುಮ ಹತ್ತಿ ಅರ್ಧ ಕೆಂಪಾಗಿದೆ.

ಲ್ಯಾಬ್ ಅಣ್ಣಾರಿಗೆ ಒಂದು ತಿದ್ದುಪಡಿ. ಟಿಎಸ್‌ಎಚ್ ಸರಿ ಇದ್ದರೆ ಎಲ್ಲ ಸರಿ ಅನ್ನುವುದು ಎಲ್ಲರಿಗೂ ಹೊಂದಲ್ಲ. ಟಿಎಸ್‌ಎಚ್ ಕಳಿಸುವುದೇ ಪಿಟ್ಯೂಟರಿ. ಅದೇ ಕೆಟ್ಟಿದ್ದರೆ ಥೈರಾಯ್ಡ್ ನೆಲಕಚ್ಚಿದ್ದರೂ ಟಿಎಸ್‌ಎಚ್ ನಾರ್ಮಲ್ ಬರಬಹುದು. ಗಡ್ಡೆ ಗೊತ್ತಾಗುವ ಮೊದಲು ನಮ್ಮವರಿಗೆ ಎರಡು ವರ್ಷ "ಥೈರಾಯ್ಡ್ ನಾರ್ಮಲ್" ಅಂತಲೇ ಕಾಗದ ಬಂತು. ದಿನಾ ಸೋಫಾದಲ್ಲಿ ಬಿದ್ದಿರುತ್ತಿದ್ದರು. ನಾನು ಸೋಮಾರಿ ಅಂತ ಬೈದದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಲ್ಯಾಬ್ ಮನುಷ್ಯ
ತಪ್ಪಾಯಿತು ಅಕ್ಕಾರೆ. ಫ್ರೀ ಟಿ4 ಜೊತೆಯಲ್ಲಿರಬೇಕು.

ಇಳಕಲ್ ಸೆರಗು
ನೀವು ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾ. ಯಾರಿಗೆ ಗೊತ್ತಿರುತ್ತದೆ.

ಅಣ್ಣಾರೆ, ಗುಳಿಗೆ ಪಟ್ಟಿ ಮೊದಲು ಚಹಾ ಡಬ್ಬಿ ಹತ್ತಿರದಿಂದ ತೆಗೆಸಿ. ಎದ್ದ ಕೂಡಲೇ ಬರೀ ನೀರಿನಲ್ಲಿ, ಚಹಾಕ್ಕಿಂತ ಅರ್ಧ ತಾಸಿನಿಂದ ಒಂದು ತಾಸು ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಇದ್ದರೆ ನಾಲ್ಕು ತಾಸು ದೂರ.

ಖಾರಬ್ಯಾಳಿ
ಥೈರಾಯ್ಡ್ ಇದ್ದವರು ಸಜ್ಜಿ ರೊಟ್ಟಿ ತಿನ್ನಬಾರದು ಅಂತಾರೆ. ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಲ್ಲದಿದ್ದರೆ ಅದೇನು ಹಬ್ಬ?

ಡಾ. ಬಯಲುಸೀಮೆ
ಪೂರಾ ಸುಳ್ಳಲ್ಲ ಅದು. ಸುಡಾನ್‌ನ ಡಾರ್ಫುರ್ ಕಡೆ ಸಜ್ಜೆಯೇ ದಿನದ ಊಟ. ಅಲ್ಲಿ ಗಳಗಂಡ ಜಾಸ್ತಿ ಇದೆ ಅಂತ ಸಂಶೋಧಕರು ಸಜ್ಜೆಯನ್ನೇ ಪರೀಕ್ಷೆ ಮಾಡಿದ್ದರು. ಥೈರಾಯ್ಡ್ ಅದುಮುವ ಅಂಶ ಸಿಕ್ಕಿತು. ಅಯೋಡಿನ್ ಉಪ್ಪು ತಿನ್ನುವ, ಜೋಳದ ರೊಟ್ಟಿಯ ನಾಡಿನವರು ಹಬ್ಬಕ್ಕೆ ನಾಲ್ಕು ಸಜ್ಜಿ ರೊಟ್ಟಿ ತಿಂದರೆ ಏನೂ ಆಗಲ್ಲ.

ಖಾರಬ್ಯಾಳಿ
ನಾಲ್ಕಾ? ನಮ್ಮ ಮನೆಯಲ್ಲಿ ಲೆಕ್ಕ ಶುರುವಾಗುವುದೇ ಎಂಟರಿಂದ.

ಘಟಪ್ರಭಾ ದಂಡೆ (ಹದಿನಾರು ದಿನದ ನಂತರ)
ಸುದ್ದಿ ಹೇಳದೆ ಇದ್ದದ್ದಕ್ಕೆ ಕ್ಷಮಿಸಿ. ಬೆಳಗಾವಿಗೆ ಎರಡು ಸಲ ಓಡಾಟ ಆಯಿತು.

ಬೆಳಿಗ್ಗೆ 8ರ ಕಾರ್ಟಿಸಾಲ್ 4.6 ಬಂತು. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು ಒಂದು ತಾಸಿನ ನಂತರ ಮತ್ತೆ ರಕ್ತ ತೆಗೆದರು. 18 ದಾಟಬೇಕಿತ್ತಂತೆ, 13ಕ್ಕೆ ನಿಂತಿತು. ಅಡ್ರಿನಲ್ ಸತ್ತಿಲ್ಲ, ಮಲಗಿದೆ ಅಂದರು ಹಾರ್ಮೋನ್ ಡಾಕ್ಟ್ರು. ಹೈಡ್ರೋಕಾರ್ಟಿಸೋನ್ ಬೆಳಿಗ್ಗೆ 10, ಮಧ್ಯಾಹ್ನ 5. ಜ್ವರ ಬಂದರೆ ದುಪ್ಪಟ್ಟು. ತಾವಾಗಿ ನಿಲ್ಲಿಸಬಾರದು ಅಂತ ಮೂರು ಸಲ ಹೇಳಿದರು, ನನ್ನ ಹೆಂಡತಿಗೆ ಬೇರೆ ಎರಡು ಸಲ. ಮೊಣಕಾಲಿನ ಇಂಜೆಕ್ಷನ್ ಬಂದ್. ಮೂರು ತಿಂಗಳಿಗೆ ಮತ್ತೆ ಟೆಸ್ಟ್.

ಬಯೋಟಿನ್ ಬಿಟ್ಟು ಮಾಡಿಸಿದ ಟಿಎಸ್‌ಎಚ್ 5.1. ಫ್ರೀ ಟಿ4 ನಾರ್ಮಲ್, ಸ್ವಲ್ಪ ಕೆಳದಂಡೆಗೆ. ಡೋಸ್ 100ರಲ್ಲೇ ಇರಲಿ, ಮೊದಲು ಚಹಾ ಬಿಟ್ಟು ತಗೊಂಡು ಎಂಟು ವಾರಕ್ಕೆ ತೋರಿಸಿ ಅಂದರು. ಪಿಸಿವಿ 53, ಗರಡಿ ಅಣ್ಣ ಕೇಳಿದ್ದು ಒಳ್ಳೇದಾಯಿತು. ಟೆಸ್ಟೋಸ್ಟಿರಾನ್ ಸದ್ಯಕ್ಕೆ ನಿಲ್ಲಿಸಿದ್ದಾರೆ. ಥೈರಾಯ್ಡ್, ಕಾರ್ಟಿಸಾಲ್ ಎರಡೂ ಹಳಿಗೆ ಬಂದ ಮೇಲೆ, ನನ್ನದು ಮತ್ತೆ ಶುರುವಾಗಲು ಟೈಮ್ ಕೊಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎರಡು ಸಲ ನೋಡಿ ನಿರ್ಧಾರವಂತೆ. ಅಲ್ಲಿವರೆಗೆ ಕೆಲವು ತಿಂಗಳು ಉಮೇದಿ ಇನ್ನೂ ಇಳಿಯಬಹುದು ಅಂತ ಮೊದಲೇ ಹೇಳಿದ್ದಾರೆ. ಇಳಿದಿದೆ. ಆದರೆ ಕಣ್ಣಿಗೆ ಕತ್ತಲೆ ಬರುವುದು ನಾಲ್ಕನೇ ದಿನಕ್ಕೇ ನಿಂತಿತು.

ಶಹಾಪುರದ ಅಕ್ಕ
ಜೇಬಿನಲ್ಲಿ ಒಂದು ಕಾರ್ಡ್ ಇಟ್ಟುಕೊಳ್ಳಿ ತಮ್ಮಾ, ಹೈಡ್ರೋಕಾರ್ಟಿಸೋನ್ ತಗೊಳ್ಳುತ್ತೇನೆ ಅಂತ ಬರೆದು. ಹೊಲದಲ್ಲಿ ಬಿದ್ದರೆ ಎತ್ತುವವರಿಗೆ ಗೊತ್ತಾಗಬೇಕು. ನಮ್ಮವರು ಆಧಾರ್ ಕಾರ್ಡ್ ಹಿಂದೆಯೇ ಅಂಟಿಸಿಕೊಂಡಿದ್ದಾರೆ.

ಗೋಳಗುಮ್ಮಟದ ಪ್ರತಿಧ್ವನಿ
ಒಳ್ಳೇದಾಗಲಿ. ನನ್ನ ಪ್ಯಾಕೇಜಿನಲ್ಲಿ ಬಯೋಟಿನ್ ಇದೆಯಾ ಅಂತ ಡಬ್ಬಿ ತಿರುಗಿಸಿ ನೋಡಿದೆ. ಇದೆ. ಲ್ಯಾಬ್ ಅಣ್ಣಾ, ನಾನೂ ಒಮ್ಮೆ ಥೈರಾಯ್ಡ್ ನೋಡಿಸಬೇಕಾ?

ಲ್ಯಾಬ್ ಮನುಷ್ಯ
ನೋಡಿಸಿ ಕಾಕಾ. ಅದನ್ನು ಒಂದು ವಾರ ಬಿಟ್ಟು ಬನ್ನಿ. ಡಬ್ಬಿಯನ್ನೂ ತನ್ನಿ, ಒಳಗೆ ಇನ್ನೇನಿದೆ ಓದಬೇಕು.

ಘಟಪ್ರಭಾ ದಂಡೆ
ಹಾಂ, ಒಂದು ಮರೆತೆ. ಗುಳಿಗೆ ಪಟ್ಟಿ ಈಗ ದಿಂಬಿನ ಹತ್ತಿರ, ಫೋನ್ ಚಾರ್ಜರ್ ಪಕ್ಕದಲ್ಲಿದೆ. ಚಹಾ ಒಂದು ತಾಸು ತಡ ಅಂತ ಮೊದಲ ವಾರ ಮನೆಯಲ್ಲಿ ಜಗಳವಾಯಿತು. ಈಗ ಅವಳು ತನ್ನ ಚಹಾ ಕುಡಿದು ಮುಗಿಸಿಯೇ ನನ್ನನ್ನು ಎಬ್ಬಿಸುತ್ತಾಳೆ.